ಮಿದುಳಿನ ಲಿಂಫೋಮಾ: ಪತ್ತೆ ಮಾಡುವುದು ಹೇಗೆ, ಚಿಕಿತ್ಸೆ ನಡೆಸುವುದು ಹೇಗೆ

ಮಿದುಳು, ಬೆನ್ನುಹುರಿ, ಅವುಗಳ ಸುತ್ತ ಹರಿಯುವ ದ್ರವ ಮತ್ತು ಕಣ್ಣಿನ ಒಳಭಾಗ, ಇಷ್ಟರಲ್ಲೇ ಹುಟ್ಟಿ ಇಷ್ಟರಲ್ಲೇ ಬೆಳೆಯುವ ಲಿಂಫೋಮಾವನ್ನು (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಕೇಂದ್ರ ನರಮಂಡಲದ ಪ್ರಾಥಮಿಕ ಲಿಂಫೋಮಾ ಎಂದು ಕರೆಯುತ್ತಾರೆ. ಮಿದುಳಿನಲ್ಲಿಯೇ ಹುಟ್ಟುವ ಗೆಡ್ಡೆಗಳಲ್ಲಿ ಇದರ ಪಾಲು ನೂರಕ್ಕೆ ಮೂರು ನಾಲ್ಕು ಮಾತ್ರ. ಇವುಗಳಲ್ಲಿ ಶೇ. 90ಕ್ಕೂ ಹೆಚ್ಚು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಎಂಬ ಬಗೆಗೆ ಸೇರಿದವು. ಅದೇ ಬಗೆಯ ಲಿಂಫೋಮಾ ಕುತ್ತಿಗೆಯ ಅಥವಾ ಹೊಟ್ಟೆಯ ಗ್ರಂಥಿಗಳಲ್ಲಿ ಬಂದಾಗ ಕೊಡುವ ಚಿಕಿತ್ಸೆಯೇ ಬೇರೆ, ಮಿದುಳಿನಲ್ಲಿ ಬಂದಾಗ ಕೊಡಬೇಕಾದ ಚಿಕಿತ್ಸೆಯೇ ಬೇರೆ. ಇದು ಬಹಳ ವೇಗವಾಗಿ ಬೆಳೆಯುವ ಕ್ಯಾನ್ಸರ್. ಆದರೆ ಮಿದುಳಿನ ಕ್ಯಾನ್ಸರ್‌ಗಳ ಪೈಕಿ ಔಷಧಿಗೆ ಚೆನ್ನಾಗಿ ಮಣಿಯುವುದೂ, ಸಾಕಷ್ಟು ಜನರಲ್ಲಿ ಪೂರ್ತಿ ಗುಣವಾಗಬಲ್ಲದ್ದೂ ಇದೇ. ಆ ಅವಕಾಶ ಉಳಿಯುವುದೋ ಕೈತಪ್ಪುವುದೋ ಎಂಬುದು ಬಹುಮಟ್ಟಿಗೆ ಮೊದಲ ಎರಡು ಮೂರು ವಾರಗಳಲ್ಲಿ ಮಾಡಿದ ಮತ್ತು ಮಾಡದೆ ಬಿಟ್ಟ ಕೆಲಸಗಳ ಮೇಲೆ ನಿಂತಿರುತ್ತದೆ. ರೋಗಿಯ ಮನೆಯವರಿಗೂ, ರೋಗಿಯನ್ನು ಮೊದಲು ನೋಡುವ ಊರಿನ ವೈದ್ಯರಿಗೂ ಆ ಕೆಲಸಗಳ ಕ್ರಮ ತಿಳಿದಿರಲಿ ಎಂಬುದು ಈ ಬರಹದ ಉದ್ದೇಶ. ಔಷಧಿಯ ಪ್ರಮಾಣ ಮತ್ತು ಆಯ್ಕೆಯನ್ನು ತಜ್ಞರೇ ನಿರ್ಧರಿಸಬೇಕು. ಇಲ್ಲಿನ ಅಂಕಿಗಳು ಅವರೊಂದಿಗೆ ಅರಿವಿನಿಂದ ಮಾತನಾಡಲು ಮಾತ್ರ.

ಅನುಮಾನ ಎಲ್ಲಿಂದ ಶುರುವಾಗಬೇಕು

ಬೇರೆ ಲಿಂಫೋಮಾಗಳಲ್ಲಿ ಕಾಣುವ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇಲ್ಲಿ ಅಪರೂಪ. ಹೆಚ್ಚಿನವರಲ್ಲಿ ಮೊದಲು ಕಾಣುವುದು ಒಂದು ಕೈ ಅಥವಾ ಕಾಲಿನ ಬಲ ಕುಗ್ಗುವುದು, ಮಾತು ತೊದಲುವುದು, ನಡೆಯುವಾಗ ಒಂದು ಕಡೆಗೆ ವಾಲುವುದು. ಇನ್ನು ಹಲವರಲ್ಲಿ ಮೊದಲು ಬದಲಾಗುವುದು ಸ್ವಭಾವ: ಚುರುಕಾಗಿದ್ದವರು ಮಂಕಾಗಿ ಕೂರುತ್ತಾರೆ, ಲೆಕ್ಕ ತಪ್ಪುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಯಾವುದರಲ್ಲೂ ಆಸಕ್ತಿ ತೋರುವುದಿಲ್ಲ. ಮನೆಯವರು ಇದನ್ನು ವಯಸ್ಸಿನ ಮರೆವೆಂದೋ ಖಿನ್ನತೆಯೆಂದೋ ತಿಳಿಯುವುದು ಸಹಜ. ಆದರೆ ಮರೆವಿನ ಕಾಯಿಲೆ ವರ್ಷಗಳಲ್ಲಿ ಬೆಳೆಯುತ್ತದೆ, ಲಕ್ವ ನಿಮಿಷಗಳಲ್ಲಿ ಹೊಡೆಯುತ್ತದೆ. ಲಿಂಫೋಮಾ ವಾರಗಳಲ್ಲಿ ಬೆಳೆಯುತ್ತದೆ. ಹೋದ ತಿಂಗಳು ಅಂಗಡಿಯ ಲೆಕ್ಕ ನೋಡುತ್ತಿದ್ದವರು ಈ ತಿಂಗಳು ಅಂಗಿಯ ಗುಂಡಿ ಹಾಕಲು ತಡವರಿಸುತ್ತಿದ್ದರೆ ಕಾಯುವುದು ಸರಿಯಲ್ಲ, ಎಂ.ಆರ್.ಐ. ಮಾಡಿಸಬೇಕು. ತಲೆನೋವು, ವಾಂತಿ, ಫಿಟ್ಸ್ ಕೂಡ ಬರಬಹುದು. ಆದರೆ ಗೆಡ್ಡೆ ಹೆಚ್ಚಾಗಿ ಮಿದುಳಿನ ಆಳದಲ್ಲಿ ಇರುವುದರಿಂದ ಫಿಟ್ಸ್ ಇಲ್ಲಿ ಮುಖ್ಯ ಲಕ್ಷಣವಲ್ಲ.

ಕಣ್ಣಿನದು ಬೇರೆಯೇ ಕಥೆ. ಕಣ್ಣ ಮುಂದೆ ಚುಕ್ಕೆಗಳು ತೇಲಿದಂತೆ, ಮಂಜು ಕವಿದಂತೆ ಆಗುತ್ತದೆ. ಯುವೈಟಿಸ್ (ಕಣ್ಣಿನ ಒಳಗಿನ ಉರಿಯೂತ) ಎಂದು ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಿದರೂ ಪೂರ್ತಿ ವಾಸಿಯಾಗುವುದಿಲ್ಲ, ಅಥವಾ ವಾಸಿಯಾಗಿ ಮತ್ತೆ ಬರುತ್ತದೆ. ಐವತ್ತು ದಾಟಿದವರಲ್ಲಿ ಹೀಗಾದರೆ ಕಣ್ಣಿನ ವೈದ್ಯರು ಲಿಂಫೋಮಾವನ್ನು ನೆನೆಯಬೇಕು, ಏಕೆಂದರೆ ಕಣ್ಣಿನಲ್ಲಿ ಮಾತ್ರ ಶುರುವಾದ ಲಿಂಫೋಮಾ ಮುಂದೆ ಹೆಚ್ಚಿನವರಲ್ಲಿ ಮಿದುಳಿಗೂ ಬರುತ್ತದೆ.

ಪಶ್ಚಿಮದ ದೇಶಗಳಲ್ಲಿ ಇದು ಅರವತ್ತು ದಾಟಿದವರ ಕಾಯಿಲೆ. ನಮ್ಮ ದೇಶದ ಆಸ್ಪತ್ರೆಗಳ ವರದಿಗಳಲ್ಲಿ ರೋಗಿಗಳ ವಯಸ್ಸು ಅದಕ್ಕಿಂತ ಸುಮಾರು ಹತ್ತು ವರ್ಷ ಕಡಿಮೆ, ಮತ್ತು ಅವರಲ್ಲಿ ಬಹುಪಾಲು ಜನರಿಗೆ ಎಚ್‌ಐವಿಯಾಗಲಿ ರೋಗನಿರೋಧಕ ಶಕ್ತಿಯ ಬೇರೆ ಕೊರತೆಯಾಗಲಿ ಇರುವುದಿಲ್ಲ. ಹಾಗಾಗಿ ‘ಇವರಿಗೆ ಎಚ್‌ಐವಿ ಇಲ್ಲವಲ್ಲ’ ಎಂಬ ಕಾರಣಕ್ಕೆ ಈ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಎಂ.ಆರ್.ಐ. ಏನು ಹೇಳುತ್ತದೆ

ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಚುಚ್ಚಿ ಮಾಡಿದ ಎಂ.ಆರ್.ಐ. ಬೇಕು, ಕಾಂಟ್ರಾಸ್ಟ್ ಇಲ್ಲದ ಚಿತ್ರ ಇಲ್ಲಿ ಸಾಲದು. ಲಿಂಫೋಮಾ ಸಾಮಾನ್ಯವಾಗಿ ಮಿದುಳಿನ ದ್ರವಕೋಶಗಳ ಪಕ್ಕದಲ್ಲಿ, ಎರಡು ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕೆಲೋಸಮ್‌ನಲ್ಲಿ, ಅಥವಾ ಆಳದ ನರಗಂಟುಗಳಲ್ಲಿ ಕೂತಿರುತ್ತದೆ. ಕಾಂಟ್ರಾಸ್ಟ್ ಅದರಲ್ಲಿ ಎಲ್ಲೆಡೆ ಒಂದೇ ಸಮನೆ ಬೆಳಗುತ್ತದೆ, ಮತ್ತು ಜೀವಕೋಶಗಳು ಒತ್ತೊತ್ತಾಗಿ ತುಂಬಿರುವುದರಿಂದ ವರದಿಯಲ್ಲಿ ‘ರಿಸ್ಟ್ರಿಕ್ಟೆಡ್ ಡಿಫ್ಯೂಷನ್’ (ನೀರಿನ ಚಲನೆಗೆ ತಡೆ) ಎಂಬ ಮಾತು ಬರುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಗೆಡ್ಡೆ ಒಂದೇ ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮಾತ್ರ ಚಿತ್ರ ಬದಲಾಗುತ್ತದೆ: ಹಲವು ಗೆಡ್ಡೆಗಳು, ಬಳೆಯಂತೆ ಅಂಚು ಮಾತ್ರ ಬೆಳಗುವುದು. ಇಷ್ಟಾದರೂ ಎಂ.ಆರ್.ಐ. ಕೊಡುವುದು ಅನುಮಾನವನ್ನೇ ಹೊರತು ತೀರ್ಮಾನವನ್ನಲ್ಲ. ಕ್ಷಯದ ಗಂಟು, ಮಿದುಳಿನದೇ ಇನ್ನೊಂದು ಗೆಡ್ಡೆಯಾದ ಗ್ಲಯೋಮಾ, ಬೇರೆಡೆಯಿಂದ ಹರಡಿದ ಕ್ಯಾನ್ಸರ್, ಟಾಕ್ಸೋಪ್ಲಾಸ್ಮಾ ಸೋಂಕು, ನರಗಳ ಹೊದಿಕೆ ನಾಶವಾಗುವ ಡಿಮೈಲಿನೇಷನ್, ಇವೆಲ್ಲವೂ ಇದರ ವೇಷ ಹಾಕಬಲ್ಲವು.

ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಬೇಡ

ಈ ಬರಹದಿಂದ ಒಂದೇ ಒಂದು ವಿಷಯವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ ಎಂಬುದು ನನ್ನ ಕಳಕಳಿ. ಎಂ.ಆರ್.ಐ.ಯಲ್ಲಿ ಲಿಂಫೋಮಾದ ಸಂಶಯ ಇದ್ದರೆ, ಮತ್ತು ರೋಗಿಯ ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ, ಬಯಾಪ್ಸಿ (ಗೆಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಆಗುವವರೆಗೆ ಡೆಕ್ಸಾಮೆಥಸೋನ್ ಆಗಲಿ ಬೇರೆ ಯಾವುದೇ ಸ್ಟೀರಾಯ್ಡ್ ಆಗಲಿ ಕೊಡಬಾರದು. ಬೇರೆ ಗೆಡ್ಡೆಗಳಲ್ಲಿ ಸ್ಟೀರಾಯ್ಡ್ ಸುತ್ತಲಿನ ಊತವನ್ನಷ್ಟೇ ಇಳಿಸುತ್ತದೆ; ಲಿಂಫೋಮಾದಲ್ಲಿ ಅದು ಕ್ಯಾನ್ಸರ್ ಕಣಗಳನ್ನೇ ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ಗೆಡ್ಡೆ ಕುಗ್ಗುತ್ತದೆ, ಕೆಲವೊಮ್ಮೆ ಚಿತ್ರದಿಂದಲೇ ಮಾಯವಾಗುತ್ತದೆ. ಆಗ ತೆಗೆದ ತುಣುಕಿನಲ್ಲಿ ಸತ್ತ ಕಣಗಳು ಮತ್ತು ಉರಿಯೂತದ ಕಣಗಳಷ್ಟೇ ಸಿಕ್ಕು, ‘ನಿರ್ದಿಷ್ಟವಾಗಿ ಹೇಳಲಾಗದು’ ಎಂಬ ವರದಿ ಬರುತ್ತದೆ. ಕಾಯಿಲೆ ವಾಸಿಯಾಗಿರುವುದಿಲ್ಲ, ವಾರಗಳಲ್ಲೋ ತಿಂಗಳುಗಳಲ್ಲೋ, ಅದೇ ಜಾಗದಲ್ಲೋ ಬೇರೆ ಜಾಗದಲ್ಲೋ ಮರಳಿ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮಿದುಳಿನಲ್ಲಿ ಗಂಟು ಕಂಡೊಡನೆ ಕ್ಷಯವನ್ನು ನೆನೆಯುವುದು ಭಾರತದಲ್ಲಿ ತಪ್ಪಲ್ಲ, ಅದು ಅಷ್ಟು ಸಾಮಾನ್ಯ. ಆದರೆ ಕ್ಷಯದ ಗಂಟೆಂದು ಭಾವಿಸಿ ಟಿ.ಬಿ. ಮಾತ್ರೆಗಳ ಜೊತೆಗೆ ಡೆಕ್ಸಾಮೆಥಸೋನ್ ಶುರು ಮಾಡಿದಾಗ ವಾರದೊಳಗೆ ರೋಗಿ ಎದ್ದು ಓಡಾಡುತ್ತಾರೆ, ಎಲ್ಲರೂ ಅದನ್ನು ಟಿ.ಬಿ. ಮಾತ್ರೆಯ ಗುಣವೆಂದು ನಂಬುತ್ತಾರೆ. ಸ್ಟೀರಾಯ್ಡ್ ಇಳಿಸುತ್ತಾ ಬಂದಂತೆ ಕೈ ಮತ್ತೆ ಸೋಲುತ್ತದೆ, ಮಾತು ಮತ್ತೆ ತೊದಲುತ್ತದೆ. ಸ್ಟೀರಾಯ್ಡ್‌ನಿಂದ ಬೇಗ ಸುಧಾರಿಸಿ, ಅದನ್ನು ಇಳಿಸಿದಾಗ ಮರುಕಳಿಸುವ ಈ ನಡೆಯೇ ಲಿಂಫೋಮಾದ ಸುಳಿವು ಆಗಿರಬಹುದು, ಆಗ ಟಿ.ಬಿ. ಮಾತ್ರೆಯನ್ನು ಬದಲಿಸುವುದಕ್ಕಿಂತ ಬಯಾಪ್ಸಿಯ ಬಗ್ಗೆ ಯೋಚಿಸುವುದು ಉತ್ತಮ.

ಈಗಾಗಲೇ ಸ್ಟೀರಾಯ್ಡ್ ಕೊಟ್ಟಾಗಿದ್ದರೆ ಎದೆಗುಂದಬೇಕಿಲ್ಲ. ಯಾವ ದಿನ ಶುರುವಾಯಿತು, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದನ್ನು ಬರೆದು, ಡಿಸ್ಚಾರ್ಜ್ ಸಮ್ಮರಿಯೊಂದಿಗೆ ನರಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಹೊಸ ಎಂ.ಆರ್.ಐ.ಯಲ್ಲಿ ಗೆಡ್ಡೆ ಇನ್ನೂ ಬೆಳಗುತ್ತಿದ್ದರೆ ಬಯಾಪ್ಸಿಯಲ್ಲಿ ಉತ್ತರ ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಮಾಯವಾಗಿದ್ದರೆ ಸ್ಟೀರಾಯ್ಡ್ ಅನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿ, ಪದೇ ಪದೇ ಎಂ.ಆರ್.ಐ. ಮಾಡುತ್ತಾ, ಗೆಡ್ಡೆ ಮತ್ತೆ ಕಂಡ ಕೂಡಲೇ ಬಯಾಪ್ಸಿ ಮಾಡಬೇಕಾಗುತ್ತದೆ. ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್ ಅನ್ನು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ಹಾಗೆಯೇ ರೋಗಿಗೆ ಎಚ್ಚರ ತಪ್ಪುತ್ತಿದ್ದರೆ, ಮಿದುಳಿನ ಒತ್ತಡ ಏರುತ್ತಿದ್ದರೆ, ಬಯಾಪ್ಸಿಗಾಗಿ ಸ್ಟೀರಾಯ್ಡ್ ತಡೆಹಿಡಿಯುವುದೂ ಸಲ್ಲದು, ಜೀವ ಮೊದಲು.

ಬಯಾಪ್ಸಿ ಮತ್ತು ಉಳಿದ ಪರೀಕ್ಷೆಗಳು

ಇಲ್ಲಿ ಬೇಕಾದದ್ದು ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿ. ಸ್ಕ್ಯಾನ್‌ನ ನೆರವಿನಿಂದ ಗೆಡ್ಡೆಯ ನಿಖರವಾದ ಜಾಗವನ್ನು ಗುರುತಿಸಿ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಸೂಜಿಯ ಮೂಲಕ ಕೆಲವು ಮಿಲಿಮೀಟರ್ ಉದ್ದದ ತುಣುಕುಗಳನ್ನು ತೆಗೆಯುತ್ತಾರೆ. ‘ತಲೆ ತೆರೆದು ಗೆಡ್ಡೆಯನ್ನು ಪೂರ್ತಿ ತೆಗೆದುಬಿಡಿ’ ಎಂದು ಮನೆಯವರು ಕೇಳುವುದುಂಟು. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ಸರಿಯಾದ ದಾರಿಯಲ್ಲ: ಲಿಂಫೋಮಾದ ಕಣಗಳು ಚಿತ್ರದಲ್ಲಿ ಕಾಣುವ ಅಂಚನ್ನು ಮೀರಿ ಮಿದುಳಿನಲ್ಲಿ ಹರಡಿರುತ್ತವೆ, ಆಳದ ಜಾಗದಲ್ಲಿ ಕೈ ಹಾಕಿದರೆ ಶಾಶ್ವತ ಊನ ಉಳಿಯಬಹುದು, ಮತ್ತು ಗಾಯ ಮಾಯುವವರೆಗೆ ಔಷಧಿ ತಡವಾಗುತ್ತದೆ. ದೊಡ್ಡ ಗೆಡ್ಡೆ ಮಿದುಳನ್ನು ಒತ್ತಿ ಜೀವಕ್ಕೆ ಕುತ್ತು ತಂದಿರುವ ಸಂದರ್ಭ ಮಾತ್ರ ಇದಕ್ಕೆ ಹೊರತು.

ಪೆಥಾಲಜಿ ವರದಿಯಲ್ಲಿ ಲಿಂಫೋಮಾ ಎಂಬ ಒಂದೇ ಪದ ಸಾಲದು. ಕಣಗಳ ಮೇಲೆ ಸಿಡಿ20 ಎಂಬ ಪ್ರೋಟೀನ್ ಇದೆಯೇ ಎಂಬುದು ರಿಟುಕ್ಸಿಮ್ಯಾಬ್ ಔಷಧಿಗೆ ಆಧಾರ. ಕಣಗಳು ಎಷ್ಟು ವೇಗದಲ್ಲಿ ಹೆಚ್ಚುತ್ತಿವೆ ಎಂಬುದನ್ನು ಕೆಐ-67 ಹೇಳುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್‌ನ ಪರೀಕ್ಷೆಯೂ ಆಗಬೇಕು. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆದುಕೊಳ್ಳಬೇಕು.

ಮಿದುಳಿನ ಒತ್ತಡ ಹೆಚ್ಚಿಲ್ಲದಿದ್ದರೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಅದರಲ್ಲಿ ಲಿಂಫೋಮಾದ ಕಣಗಳು ಖಚಿತವಾಗಿ ಸಿಕ್ಕಿದರೆ ಮಿದುಳಿನ ಬಯಾಪ್ಸಿಯೇ ಬೇಕಾಗದೆ ಹೋಗಬಹುದು. ಕಣ್ಣಿನ ಒಳಗಿನ ವಿಟ್ರಿಯಸ್ ಎಂಬ ಲೋಳೆಯಲ್ಲಿ ಸಿಕ್ಕಿದರೂ ಹಾಗೆಯೇ. ಆದರೆ ಬೆನ್ನಿನ ನೀರಿನಲ್ಲಿ ಕಣಗಳು ಸಿಗುವುದು ಕಡಿಮೆ ಜನರಲ್ಲಿ. ಸಿಗಲಿಲ್ಲವೆಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಬಯಾಪ್ಸಿ ಮಾಡಲಾಗದ ಜಾಗದಲ್ಲಿ ಗೆಡ್ಡೆ ಇದ್ದರೆ ಎಂವೈಡಿ88 ಎಂಬ ಜೀನಿನ ಬದಲಾವಣೆಯನ್ನೂ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನಿನ ಪ್ರಮಾಣವನ್ನೂ ಬೆನ್ನಿನ ನೀರಿನಲ್ಲಿ ಹುಡುಕುವುದು ಈಗ ಕೆಲವೆಡೆ ನಡೆಯುತ್ತಿದೆ.

ಜೊತೆಗೆ, ಲಿಂಫೋಮಾ ದೇಹದ ಬೇರೆಡೆಯಿಂದ ಮಿದುಳಿಗೆ ಬಂದದ್ದಲ್ಲ ಎಂದು ಖಚಿತಪಡಿಸಿಕೊಳ್ಳಲು ಪೆಟ್-ಸಿಟಿ ಅಥವಾ ಎದೆ ಮತ್ತು ಹೊಟ್ಟೆಯ ಸಿಟಿ, ಗಂಡಸರಲ್ಲಿ ವೃಷಣಗಳ ಅಲ್ಟ್ರಾಸೌಂಡ್, ಅಸ್ಥಿಮಜ್ಜೆಯ ಪರೀಕ್ಷೆ ಬೇಕು. ಕಣ್ಣಿನ ದೂರು ಇರಲಿ ಇಲ್ಲದಿರಲಿ, ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು ನೋಡಿಸಲೇಬೇಕು. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ, ಎಚ್‌ಐವಿ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳು. ಹೆಪಟೈಟಿಸ್ ಬಿ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ, ಏಕೆಂದರೆ ಹಳೆಯ ಸೋಂಕು ಮೈಯೊಳಗೆ ಮಲಗಿದ್ದರೆ ರಿಟುಕ್ಸಿಮ್ಯಾಬ್ ಅದನ್ನು ಎಬ್ಬಿಸಿ ಯಕೃತ್ತನ್ನು ಕೆಡಿಸಬಲ್ಲದು. ಮುಂದೆ ಮಕ್ಕಳು ಬೇಕೆನ್ನುವ ವಯಸ್ಸಿನವರು ವೀರ್ಯ ಅಥವಾ ಅಂಡಾಣು ಕಾಯ್ದಿಡುವ ಬಗ್ಗೆ ಈಗಲೇ ಕೇಳಬೇಕು. ಆದರೆ ಈ ಪರೀಕ್ಷೆಗಳ ಸರದಿಗಾಗಿ ವಾರಗಟ್ಟಲೆ ಚಿಕಿತ್ಸೆಯನ್ನು ಮುಂದೂಡಬಾರದು.

ಮೆಥೋಟ್ರೆಕ್ಸೇಟ್: ಚಿಕಿತ್ಸೆಯ ಬೆನ್ನೆಲುಬು

ರಕ್ತದಿಂದ ಮಿದುಳಿಗೆ ಹೋಗುವ ವಸ್ತುಗಳನ್ನು ಸೋಸುವ ಒಂದು ತಡೆ ನಮ್ಮೆಲ್ಲರ ಮಿದುಳಿನ ರಕ್ತನಾಳಗಳಲ್ಲಿ ಇದೆ. ದೇಹದ ಇತರ ಭಾಗದ ಲಿಂಫೋಮಾಕ್ಕೆ ಕೊಡುವ ಆರ್-ಚಾಪ್ ಎಂಬ ಔಷಧಿಗಳ ಗುಂಪು ಈ ತಡೆಯನ್ನು ಸರಿಯಾಗಿ ದಾಟಲಾರದು. ಆದ್ದರಿಂದ ಮಿದುಳಿನ ಲಿಂಫೋಮಾಕ್ಕೆ ಅದು ಚಿಕಿತ್ಸೆಯಲ್ಲ. ದಾಟಬಲ್ಲದ್ದು ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟ ಮೆಥೋಟ್ರೆಕ್ಸೇಟ್. ಸಂಧಿವಾತಕ್ಕೆ ವಾರಕ್ಕೊಮ್ಮೆ 7.5ರಿಂದ 25 ಮಿಲಿಗ್ರಾಂ ನುಂಗುವವರನ್ನು ನಾವು ನೋಡಿರುತ್ತೇವೆ. ಇಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ಕನಿಷ್ಠ 3 ಗ್ರಾಂ, ಸಾಮಾನ್ಯವಾಗಿ 3.5 ಗ್ರಾಂ ಬೇಕು. ಮೇಲ್ಮೈ 1.6 ಚದರ ಮೀಟರ್ ಇರುವ ಒಬ್ಬರಿಗೆ ಅದು ಒಮ್ಮೆಗೆ 5,600 ಮಿಲಿಗ್ರಾಂ ಆಗುತ್ತದೆ. ಇಷ್ಟನ್ನೂ ಎರಡರಿಂದ ನಾಲ್ಕು ಗಂಟೆಯೊಳಗೆ ರಕ್ತನಾಳಕ್ಕೆ ಹರಿಸುತ್ತಾರೆ. ಇಡೀ ದಿನ ನಿಧಾನವಾಗಿ ಹರಿಸಿದರೆ ಮಿದುಳಿನಲ್ಲಿ ಬೇಕಾದ ಮಟ್ಟ ಮುಟ್ಟುವುದು ಕಷ್ಟ. ಎರಡು ಅಥವಾ ಮೂರು ವಾರಕ್ಕೊಮ್ಮೆ ಇದು ಪುನರಾವರ್ತನೆಯಾಗುತ್ತದೆ.

ಇದನ್ನು ಕೊಡುವುದಕ್ಕಿಂತ ದೇಹದಿಂದ ಸುರಕ್ಷಿತವಾಗಿ ಹೊರಹಾಕುವುದೇ ದೊಡ್ಡ ಕೆಲಸ. ಮೆಥೋಟ್ರೆಕ್ಸೇಟ್ ಮೂತ್ರದ ಮೂಲಕ ಹೋಗುತ್ತದೆ, ಮತ್ತು ಮೂತ್ರ ಹುಳಿಯಾಗಿದ್ದರೆ ಮೂತ್ರಪಿಂಡದಲ್ಲೇ ಹರಳುಗಟ್ಟುತ್ತದೆ. ಅದಕ್ಕಾಗಿ ಹಲವು ಗಂಟೆ ಮುಂಚೆಯೇ ಸೋಡಾ ಬೈಕಾರ್ಬನೇಟ್ ಬೆರೆಸಿದ ದ್ರವವನ್ನು ಧಾರಾಳವಾಗಿ ಹರಿಸಲು ಶುರು ಮಾಡುತ್ತಾರೆ. ರೋಗಿ ಮೂತ್ರ ಮಾಡಿದಾಗಲೆಲ್ಲ ಶುಶ್ರೂಷಕಿ ಅದರಲ್ಲಿ ಕಾಗದದ ಪಟ್ಟಿಯೊಂದನ್ನು ಅದ್ದಿ, ಅದರ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸಿ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಬರೆಯುತ್ತಾರೆ. ಅದು 7 ಮುಟ್ಟುವವರೆಗೆ ಔಷಧಿ ಶುರುವಾಗಬಾರದು, ಆಮೇಲೂ ಅದಕ್ಕಿಂತ ಕೆಳಗೆ ಇಳಿಯಬಾರದು. ಔಷಧಿ ಶುರುವಾದ 24 ಗಂಟೆಯ ಹೊತ್ತಿಗೆ ಲ್ಯೂಕೋವೊರಿನ್ ಎಂಬ ರಕ್ಷಕ ಔಷಧಿ ಆರಂಭವಾಗುತ್ತದೆ. ದೇಹದ ಒಳ್ಳೆಯ ಕಣಗಳನ್ನು ಉಳಿಸುವುದು ಇದೇ. 24, 48, 72 ಗಂಟೆಗಳಲ್ಲಿ ರಕ್ತದಲ್ಲಿನ ಮೆಥೋಟ್ರೆಕ್ಸೇಟ್ ಮಟ್ಟವನ್ನು ಅಳೆದು, ಅದು ಲೀಟರಿಗೆ 0.1 ಮೈಕ್ರೋಮೋಲ್‌ಗಿಂತ ಕೆಳಗೆ ಇಳಿದ ಮೇಲೆಯೇ ಲ್ಯೂಕೋವೊರಿನ್ ನಿಲ್ಲುತ್ತದೆ. ಮಟ್ಟ ಇಳಿಯದಿದ್ದರೆ ಲ್ಯೂಕೋವೊರಿನ್ ಪ್ರಮಾಣವನ್ನು ಆ ಕೂಡಲೇ ಏರಿಸಬೇಕಾಗುತ್ತದೆ. ಹಾಗಾಗಿ ಆಸ್ಪತ್ರೆಯನ್ನು ಆರಿಸುವಾಗ ನಾನು ಕೇಳಬೇಕೆನ್ನುವ ಮೊದಲ ಪ್ರಶ್ನೆ ಕೋಣೆಯ ಬಾಡಿಗೆಯದಲ್ಲ, ‘ಮೆಥೋಟ್ರೆಕ್ಸೇಟ್ ಮಟ್ಟದ ಫಲಿತಾಂಶ ಅದೇ ದಿನ ನಿಮ್ಮಲ್ಲಿ ಸಿಗುತ್ತದೆಯೇ’ ಎಂಬುದು. ಎರಡು ದಿನ ತಡವಾಗಿ ಬರುವ ಫಲಿತಾಂಶದಿಂದ ರೋಗಿಗೆ ಉಪಯೋಗವಿಲ್ಲ.

ಮನೆಯವರ ಪಾಲಿನ ಕೆಲಸವೂ ಇಲ್ಲಿ ಸಣ್ಣದಲ್ಲ. ಕುಡಿದ ನೀರು, ಹೋದ ಮೂತ್ರ, ಬೆಳಗಿನ ತೂಕ, ಇವನ್ನು ಬರೆದಿಡಿ; ತೂಕ ಏರಿ ಮೂತ್ರ ಕಡಿಮೆಯಾದರೆ ಕೂಡಲೇ ಹೇಳಿ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಗ್ಯಾಸ್ಟ್ರಿಕ್‌ಗೆಂದು ನಿತ್ಯ ನುಂಗುವ ಪ್ಯಾಂಟೊಪ್ರಜೋಲ್, ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್, ಕೋಟ್ರೈಮೊಕ್ಸಜೋಲ್, ಇವೆಲ್ಲ ಮೆಥೋಟ್ರೆಕ್ಸೇಟ್ ಹೊರಹೋಗುವುದನ್ನು ತಡೆಯಬಲ್ಲವು ಅಥವಾ ಅದರ ವಿಷಗುಣವನ್ನು ಹೆಚ್ಚಿಸಬಲ್ಲವು. ಫೋಲಿಕ್ ಆಮ್ಲವಿರುವ ಟಾನಿಕ್, ಮೂಲಿಕೆ ಔಷಧಿ, ಕೋಲಾ ಪಾನೀಯಗಳನ್ನೂ ಆ ದಿನಗಳಲ್ಲಿ ದೂರ ಇಡಿ. ರೋಗಿ ಮನೆಯಲ್ಲಿ ನುಂಗುವ ಪ್ರತಿಯೊಂದು ಮಾತ್ರೆಯ ಪಟ್ಟಿಯನ್ನು ಪ್ರತಿ ಸುತ್ತಿನಲ್ಲೂ ವೈದ್ಯರಿಗೆ ತೋರಿಸಿ. ಎದೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಔಷಧಿ ಅಲ್ಲೇ ಉಳಿದು ನಿಧಾನವಾಗಿ ರಕ್ತಕ್ಕೆ ಮರಳುತ್ತದೆ, ಆದ್ದರಿಂದ ಅದನ್ನು ಮೊದಲೇ ತೆಗೆಯಬೇಕಾಗುತ್ತದೆ. ಈ ಕಾಯಿಲೆಯಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಒಂದು ಕಾಲು ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಮಾರನೆಯ ದಿನಕ್ಕೆ ಬಿಡಬೇಡಿ.

ಮೆಥೋಟ್ರೆಕ್ಸೇಟ್ ಒಂದನ್ನೇ ಕೊಡುವುದಕ್ಕಿಂತ ಜೊತೆಗೂಡಿಸಿ ಕೊಟ್ಟಾಗ ಫಲ ಹೆಚ್ಚು. ಸೈಟರಬೀನ್, ಥಯೊಟೆಪಾ, ರಿಟುಕ್ಸಿಮ್ಯಾಬ್ ಸೇರಿಸಿದ ಮ್ಯಾಟ್ರಿಕ್ಸ್ ಎಂಬ ಕ್ರಮವನ್ನು ಯುರೋಪಿನ ಐಇಎಲ್‌ಎಸ್‌ಜಿ32 ಪ್ರಯೋಗದಲ್ಲಿ 70 ವರ್ಷದೊಳಗಿನ 219 ರೋಗಿಗಳಲ್ಲಿ ಬೇರೆ ಎರಡು ಕ್ರಮಗಳೊಂದಿಗೆ ಹೋಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗೆಡ್ಡೆ ಪೂರ್ತಿ ಮಾಯವಾದದ್ದು ಎರಡು ಔಷಧಿ ಪಡೆದವರಲ್ಲಿ ಶೇ. 23, ಮೂರು ಪಡೆದವರಲ್ಲಿ ಶೇ. 30, ನಾಲ್ಕೂ ಪಡೆದವರಲ್ಲಿ ಶೇ. 49. ಏಳು ವರ್ಷದ ನಂತರ ನೋಡಿದಾಗ ನಾಲ್ಕೂ ಪಡೆದವರಲ್ಲಿ ಶೇ. 56ರಷ್ಟು ಜನ ಬದುಕಿದ್ದರು. ಬರೀ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ ಕಾಲದಲ್ಲಿ ಅರ್ಧದಷ್ಟು ರೋಗಿಗಳು ಒಂದು ವರ್ಷವನ್ನಷ್ಟೇ ಕಾಣುತ್ತಿದ್ದರು ಎಂಬುದನ್ನು ನೆನೆದರೆ ಈ ಅಂಕಿಯ ಬೆಲೆ ತಿಳಿಯುತ್ತದೆ. ಆದರೆ ಮ್ಯಾಟ್ರಿಕ್ಸ್ ಕಠಿಣವಾದ ಚಿಕಿತ್ಸೆ: ರಕ್ತಕಣಗಳು ತೀವ್ರವಾಗಿ ಇಳಿಯುತ್ತವೆ, ಸೋಂಕು ಸಾವನ್ನೂ ತರಬಹುದು. ಪ್ರೊಕಾರ್ಬಜೀನ್ ಮತ್ತು ವಿನ್‌ಕ್ರಿಸ್ಟೀನ್ ಜೊತೆಗೂಡಿಸುವ ಕ್ರಮ, ಟೆಮೊಜೊಲೊಮೈಡ್ ಜೊತೆಗೂಡಿಸುವ ಸೌಮ್ಯವಾದ ಕ್ರಮ ಕೂಡ ಬಳಕೆಯಲ್ಲಿವೆ. ರಿಟುಕ್ಸಿಮ್ಯಾಬ್‌ನ ಲಾಭದ ಬಗ್ಗೆ ಪ್ರಯೋಗಗಳು ಒಂದೇ ಮಾತು ಹೇಳಿಲ್ಲ. ಯಾವುದನ್ನು ಆರಿಸಬೇಕೆಂಬುದು ರೋಗಿಯ ಶಕ್ತಿ, ಮೂತ್ರಪಿಂಡದ ಸ್ಥಿತಿ ಮತ್ತು ಆ ಆಸ್ಪತ್ರೆಯ ಅನುಭವದ ಮೇಲೆ ನಿಲ್ಲುತ್ತದೆ.

ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಮೆಥೋಟ್ರೆಕ್ಸೇಟ್ ನಿರಾಕರಿಸುವುದನ್ನು ಪ್ರಶ್ನಿಸಬೇಕು. ನೋಡಬೇಕಾದದ್ದು ಹುಟ್ಟಿದ ವರ್ಷಕ್ಕಿಂತ ಹೆಚ್ಚಾಗಿ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತವನ್ನು ಸೋಸುವ ಶಕ್ತಿ. ಎಪ್ಪತ್ತು ದಾಟಿದವರಿಗೂ ಪ್ರಮಾಣ ತಗ್ಗಿಸಿ ಕೊಟ್ಟು ಲಾಭ ಕಂಡದ್ದಿದೆ. ಹಾಸಿಗೆ ಹಿಡಿದ ರೋಗಿಯೂ ಮೊದಲ ಒಂದೆರಡು ಸುತ್ತುಗಳ ನಂತರ ಎದ್ದು ನಡೆಯುವುದು ಈ ಕಾಯಿಲೆಯಲ್ಲಿ ಉಂಟು, ಏಕೆಂದರೆ ಅವರನ್ನು ಮಲಗಿಸಿದ್ದು ಗೆಡ್ಡೆಯೇ ಹೊರತು ವಯಸ್ಸಲ್ಲ.

ಗೆಡ್ಡೆ ಕರಗಿದ ಮೇಲಿನ ಹಂತ

ಎಂ.ಆರ್.ಐ. ಸ್ವಚ್ಛವಾಗಿ ಕಂಡರೂ ಅಲ್ಲಿಗೆ ನಿಲ್ಲಿಸಿದರೆ ಹಲವರಲ್ಲಿ ಕಾಯಿಲೆ ಮರಳುತ್ತದೆ. ಆದ್ದರಿಂದ ಫಲವನ್ನು ಗಟ್ಟಿಗೊಳಿಸುವ ಎರಡನೆಯ ಹಂತ ಬೇಕು. ಸುಮಾರು 70 ವರ್ಷದೊಳಗಿನ, ಶಕ್ತರಾದ ರೋಗಿಗಳಿಗೆ ಅವರದೇ ಆಕರ ಕೋಶಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಕೋಶಗಳು) ರಕ್ತದಿಂದ ತೆಗೆದು ಶೈತ್ಯೀಕರಿಸಿ ಇಟ್ಟು, ಥಯೊಟೆಪಾ ಆಧಾರಿತ ಭಾರಿ ಪ್ರಮಾಣದ ಔಷಧಿ ಕೊಟ್ಟು, ಆ ಕೋಶಗಳನ್ನು ಮರಳಿ ತುಂಬುವ ಕಸಿಯನ್ನು ಇಂದು ಹೆಚ್ಚಿನ ತಜ್ಞರು ಮೆಚ್ಚುತ್ತಾರೆ. ಇನ್ನೊಂದು ದಾರಿ ಇಡೀ ಮಿದುಳಿಗೆ ವಿಕಿರಣ. ಅದೂ ಕಾಯಿಲೆಯನ್ನು ಹಿಡಿದಿಡುತ್ತದೆ, ಆದರೆ ವರ್ಷಗಳು ಕಳೆದಂತೆ ನೆನಪು, ಗಮನ, ನಡಿಗೆ, ಮೂತ್ರದ ಹಿಡಿತ ಕೆಡಬಹುದು. ಅರವತ್ತು ದಾಟಿದವರಲ್ಲಿ ಈ ಅಪಾಯ ತೀರಾ ಹೆಚ್ಚು. ಕೀಮೋಥೆರಪಿಗೆ ಪೂರ್ತಿ ಮಣಿದವರಿಗೆ 23.4 ಗ್ರೇ ಎಂಬ ಕಡಿಮೆ ಪ್ರಮಾಣದ ವಿಕಿರಣವೂ ಬಳಕೆಗೆ ಬಂದಿದೆ. ಬೇಗ ಮುಗಿಯುತ್ತದೆ, ಖರ್ಚು ಕಡಿಮೆ ಎಂಬ ಕಾರಣಕ್ಕೆ ವಿಕಿರಣವನ್ನು ಆರಿಸುವ ಮುನ್ನ ಈ ಮಾತುಗಳನ್ನು ವೈದ್ಯರ ಎದುರು ಕೂತು ಬಿಡಿಸಿ ಕೇಳುವುದು ರೋಗಿಯ ಹಕ್ಕು. ಮೂತ್ರಪಿಂಡ ಸೋತು ಮೆಥೋಟ್ರೆಕ್ಸೇಟ್ ಕೊಡಲಾಗದವರಿಗೆ ಮಾತ್ರ ವಿಕಿರಣವೇ ಮೊದಲ ಆಸರೆಯಾಗಬಹುದು.

ಎಚ್‌ಐವಿ ಇರುವವರಲ್ಲಿ ಈ ಲಿಂಫೋಮಾ ಬರುವುದು ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಬಹಳ ಕುಸಿದಾಗ, ಹೆಚ್ಚಾಗಿ 50ಕ್ಕಿಂತ ಕೆಳಗೆ ಇಳಿದಾಗ. ಟಾಕ್ಸೋಪ್ಲಾಸ್ಮಾ ಎಂದು ಚಿಕಿತ್ಸೆ ಶುರು ಮಾಡಿ ಎರಡು ವಾರದೊಳಗೆ ಸುಧಾರಣೆ ಕಾಣದಿದ್ದರೆ ಬಯಾಪ್ಸಿಗೆ ಹೋಗಬೇಕು. ಬೆನ್ನಿನ ನೀರಿನಲ್ಲಿ ಎಪ್‌ಸ್ಟೈನ್-ಬಾರ್ ವೈರಸ್‌ನ ಡಿಎನ್‌ಎ ಸಿಗುವುದು ಬಲವಾದ ಸುಳಿವು. ಇವರಿಗೆ ಎಚ್‌ಐವಿಯನ್ನು ಹತ್ತಿಕ್ಕುವ ಎ.ಆರ್.ಟಿ. ಮಾತ್ರೆಗಳು ಲಿಂಫೋಮಾ ಚಿಕಿತ್ಸೆಯದ್ದೇ ಒಂದು ಭಾಗ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಕಡಿಮೆ ಮಾಡುವುದು ಮೊದಲ ಹೆಜ್ಜೆ.

ಕರ್ನಾಟಕದ ಓದುಗರಿಗೆ ಒಂದು ಮಾತು. ಮಿದುಳಿನ ಬಯಾಪ್ಸಿಗೆ ಬೆಂಗಳೂರಿನ ನಿಮ್ಹಾನ್ಸ್, ಕೀಮೋಥೆರಪಿಗೆ ಕಿದ್ವಾಯಿ, ಹೀಗೆ ಎರಡು ಕಡೆ ಓಡಾಡಬೇಕಾಗಿ ಬರಬಹುದು. ಬಯಾಪ್ಸಿಯ ದಿನಾಂಕ ಸಿಕ್ಕ ಕೂಡಲೇ ಕ್ಯಾನ್ಸರ್ ವಿಭಾಗದಲ್ಲೂ ಹೆಸರು ಬರೆಸಿದರೆ ನಡುವಿನ ದಿನಗಳು ಉಳಿಯುತ್ತವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಔಷಧಿ, ಯಾವ ಹಂತ ಅದರೊಳಗೆ ಬರುತ್ತದೆ ಎಂಬುದನ್ನು ಮೊದಲ ಸುತ್ತಿಗೆ ಮುಂಚೆಯೇ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕೇಳಿಕೊಳ್ಳಿ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ನಂತರದ ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ಇನ್ನೈದು ವರ್ಷ ವರ್ಷಕ್ಕೊಮ್ಮೆ ಎಂ.ಆರ್.ಐ. ಮತ್ತು ನೆನಪಿನ ಪರೀಕ್ಷೆ ಮಾಡಿಸುವುದು ವಾಡಿಕೆ. ಕಣ್ಣಿನಲ್ಲಿ ಕಾಯಿಲೆ ಇದ್ದವರು ಕಣ್ಣನ್ನೂ ತೋರಿಸಬೇಕು. ಕಾಯಿಲೆ ಮರಳಿದರೆ ದಾರಿ ಮುಚ್ಚಿತೆಂದು ತಿಳಿಯಬೇಡಿ. ಮೊದಲ ಬಾರಿ ಮೆಥೋಟ್ರೆಕ್ಸೇಟ್‌ಗೆ ಚೆನ್ನಾಗಿ ಮಣಿದು ಬಹುಕಾಲ ಸುಮ್ಮನಿದ್ದ ಲಿಂಫೋಮಾ ಎರಡನೆಯ ಬಾರಿಯೂ ಅದಕ್ಕೇ ಮಣಿಯುವುದುಂಟು. ಇಬ್ರುಟಿನಿಬ್, ಲೆನಲಿಡೊಮೈಡ್‌ನಂಥ ನುಂಗುವ ಔಷಧಿಗಳಿವೆ. ಇಬ್ರುಟಿನಿಬ್‌ನ ಗುಂಪಿಗೇ ಸೇರಿದ ಟಿರಾಬ್ರುಟಿನಿಬ್‌ಗೆ ಜಪಾನ್ 2020ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೊದಲು ವಿಕಿರಣ ಪಡೆಯದವರಿಗೆ ಅದೂ ಉಳಿದಿರುತ್ತದೆ. ಇವುಗಳಲ್ಲಿ ಒಂದನ್ನು ಆರಿಸಲು ವೈದ್ಯರು ಕೇಳುವುದು ಹಳೆಯ ಕಾಗದಗಳನ್ನೇ. ಆದ್ದರಿಂದ ಪ್ರತಿ ಎಂ.ಆರ್.ಐ.ಯ ಸಿ.ಡಿ., ಬಯಾಪ್ಸಿ ವರದಿ, ಪ್ರತಿ ಸುತ್ತಿನ ಔಷಧಿಯ ಪ್ರಮಾಣ, ಆ ಸುತ್ತಿನ ಮೆಥೋಟ್ರೆಕ್ಸೇಟ್ ಮಟ್ಟ ಮತ್ತು ಕ್ರಿಯಾಟಿನಿನ್ ಇರುವ ಹಾಳೆಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಹತ್ತು ವರ್ಷವೂ ಕಾಪಾಡಿ ಇಟ್ಟುಕೊಳ್ಳಿ.